ತರಕಾರಿ ಪಾತಿಯಲ್ಲಿ ಬೀಜವನ್ನು ಸಮದೂರದಲ್ಲಿ ಊರುವುದಕ್ಕೆ ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಸಾಧನಗಳು

ಪೈರಿಗೂ ಪೈರಿಗೂ ನಡುವೆ ತಕ್ಕಷ್ಟು ಅಂತರವಿರಬೇಕೆಂಬುದು ಕನ್ನಡ ನಾಡಿನ ಒಕ್ಕಲಿಗನಿಗೆ ಹೊಸ ಮಾತಲ್ಲ. ಕೂರಿಗೆಯು ಬಹುಕಾಲದಿಂದ ಅವನ ಕೈಯಲ್ಲಿರುವುದು. ಬಟ್ಟಲಿಗೆ ಬಿದ್ದ ಬೀಜವು ಕೊಳವೆಗಳ ಮೂಲಕ ಇಳಿದು, ತಾಳುಗಳು ಸೀಳಿದ ಗೆರೆಗಳಲ್ಲಿಯೇ ಬೀಳುವಂತೆ ಅದನ್ನು ರಚಿಸಲಾಗಿದೆ. ೧೮೦೦-೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬಾತನು, ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಈ ಉಪಕರಣವನ್ನು ವರ್ಣಿಸಿರುವನು. ಹೀಗಿದ್ದರೂ, ಹೊಲದಲ್ಲಿ ರಾಗಿಯನ್ನು ಸಾಲು ಹಿಡಿದು ಬಿತ್ತುವ ರೈತನೇ ಮನೆಯ ಹಿಂದಿನ ತರಕಾರಿ ಪಾತಿಗೆ ಬಂದಾಗ ಬೀಜವನ್ನು ಹಿಡಿಯಲ್ಲಿ ತೆಗೆದುಕೊಂಡು ಚೆಲ್ಲಿಬಿಡುವುದು ಅನೇಕ ಕಡೆಗಳಲ್ಲಿ ಕಂಡುಬರುವುದು.

ಇದಕ್ಕೆ ಕಾರಣವು ಅಜ್ಞಾನವಲ್ಲ. ನಾಲ್ಕು ಅಡಿ ಅಗಲದ ಪಾತಿಯಲ್ಲಿ ಎತ್ತುಗಳು ತಿರುಗಲಾರವು; ಕೂರಿಗೆಯು ಅಲ್ಲಿ ನಡೆಯಲಾರದು. ಹೊಲದಲ್ಲಿ ಉಪಕರಣವು ಮಾಡುತ್ತಿದ್ದ ಕೆಲಸವನ್ನು ಪಾತಿಯಲ್ಲಿ ಕಣ್ಣು ಮತ್ತು ಕೈಗಳೇ ಮಾಡಬೇಕಾಗುವುದು. ಕಣ್ಣಳತೆಯು ಮೊದಲನೆಯ ಸಾಲಿನಲ್ಲಿ ಸರಿಯಾಗಿದ್ದರೂ ಸೊಂಟವು ನೋಯತೊಡಗಿದ ಹಾಗೆಲ್ಲ ಸಡಿಲವಾಗುತ್ತ ಹೋಗುವುದು. ಆದುದರಿಂದ ಅಳತೆಯನ್ನು ಕಣ್ಣಿಗೆ ಒಪ್ಪಿಸದೆ ಒಂದು ವಸ್ತುವಿಗೆ ಒಪ್ಪಿಸಿಬಿಡುವುದೇ ಇದಕ್ಕೆ ಪರಿಹಾರವು. ಆ ವಸ್ತುವನ್ನು ಪೇಟೆಯಿಂದ ಕೊಂಡು ತರಬೇಕಾದುದಿಲ್ಲ. ಬಿದಿರಿನ ದಬ್ಬೆ, ಹುರಿ, ಮರದ ತುಂಡು, ಹಳೆಯ ಸೀಸೆಯ ಮುಚ್ಚಳ ಮುಂತಾದವುಗಳಿಂದ ಒಂದು ಮಧ್ಯಾಹ್ನದಲ್ಲಿ ಮಾಡಿಕೊಳ್ಳಬಹುದಾದ ಕೆಲವು ಸಾಧನಗಳನ್ನೂ, ಅವುಗಳನ್ನು ಉಪಯೋಗಿಸುವ ಕ್ರಮವನ್ನೂ ಈ ಲೇಖನದಲ್ಲಿ ತಿಳಿಸಲಾಗಿದೆ.

ಅಂತರವು ತಪ್ಪಿದರೆ ಆಗುವ ನಷ್ಟ

ಬೀಜವನ್ನು ದಟ್ಟವಾಗಿ ಹಾಕಿದರೆ ಬೆಳೆಯೂ ದಟ್ಟವಾಗುವುದೆಂದು ಕೆಲವರು ತಿಳಿದಿರುವರು. ಒತ್ತೊತ್ತಾಗಿ ಹುಟ್ಟಿದ ಮೂಲಂಗಿಯು ಸೊಪ್ಪನ್ನು ಬೆಳೆಸುವುದೇ ಹೊರತು ಗೆಡ್ಡೆಯನ್ನು ಕಟ್ಟುವುದಿಲ್ಲ. ಗಜ್ಜರಿಯ ಬೇರುಗಳು ಒಂದನ್ನೊಂದು ಸುತ್ತಿಕೊಂಡು ಸೊಟ್ಟಗಾಗುವುವು. ಬೆಂಡೆ, ಹುರುಳಿಕಾಯಿಗಳು ಬೆಳಕಿಗಾಗಿ ಪೈಪೋಟಿಮಾಡಿ ತೆಳ್ಳಗೆ ಉದ್ದವಾಗಿ ಎದ್ದು, ಕಾಯಿ ಕಚ್ಚುವ ಶಕ್ತಿಯನ್ನು ಕಳೆದುಕೊಳ್ಳುವುವು.

ಸಸಿಮಡಿಯಲ್ಲಾಗುವ ಹಾನಿಯು ಇದಕ್ಕಿಂತಲೂ ಹೆಚ್ಚಿನದು. ಟೊಮೆಟೊ, ಬದನೆ, ಮೆಣಸಿನಕಾಯಿ ಇವುಗಳ ಎಳೆಯ ಸಸಿಗಳು ಒಂದಕ್ಕೊಂದು ತಾಕಿಕೊಂಡಿದ್ದರೆ ಅವುಗಳ ನಡುವೆ ಗಾಳಿಯಾಡುವುದಿಲ್ಲ. ನೆಲದ ತೇವವು ಆರುವುದಿಲ್ಲ. ಅಂತಹ ಸ್ಥಳದಲ್ಲಿ ಪಿಥಿಯಂ ಎಂಬ ಸೂಕ್ಷ್ಮಜೀವಿಯು ಸಸಿಗಳ ಬುಡವನ್ನು ಹಿಡಿದು ಕೊಳೆಯಿಸುವುದು. ಸಂಜೆ ನೆಟ್ಟಗೆ ನಿಂತಿದ್ದ ಸಸಿಗಳು ಬೆಳಗಾಗುವುದರೊಳಗೆ ನೆಲಕ್ಕೆ ಒರಗಿರುವುವು. ರೋಗವು ಒಂದರಿಂದ ಇನ್ನೊಂದಕ್ಕೆ ತಗುಲಿ, ಮಡಿಯಲ್ಲಿ ಬಟ್ಟಬಯಲಾದ ತೇಪೆಗಳು ಕಾಣಿಸಿಕೊಳ್ಳುವುವು. ಈ ರೋಗಕ್ಕೆ ಔಷಧಗಳುಂಟು. ಆದರೆ ತೆಳುವಾಗಿ ಬಿತ್ತುವುದೇ ಎಲ್ಲಕ್ಕಿಂತ ಮೊದಲನೆಯ ರಕ್ಷಣೆಯು.

ಹೆಚ್ಚಾಗಿ ಹುಟ್ಟಿದುದನ್ನು ಅನಂತರ ಕಿತ್ತುಹಾಕಿದರಾಯಿತಲ್ಲವೇ ಎಂದು ಕೇಳಬಹುದು. ಕೀಳುವಾಗ ಉಳಿಯಬೇಕಾದ ಪೈರಿನ ಬೇರೂ ಅಲುಗುವುದು. ಕೆಲಸವು ಎರಡು ಪಟ್ಟಾಗುವುದು. ಕಿತ್ತು ಎಸೆದ ಪ್ರತಿಯೊಂದು ಸಸಿಯೂ ದುಡ್ಡು ಕೊಟ್ಟು ತಂದ ಬೀಜವೇ ಆಗಿರುವುದು. ಈಗ ತರಕಾರಿ ಬೆಳೆಗಾರರಲ್ಲಿ ಬಹುಮಂದಿ ಮಿಶ್ರತಳಿಯ ಬೀಜವನ್ನು ಉಪಯೋಗಿಸುತ್ತಾರೆ. ಇದರ ಕಾಯಿಯಿಂದ ತೆಗೆದಿಟ್ಟ ಬೀಜವು ತಾಯಿಯ ಗುಣವನ್ನು ಪೂರ್ಣವಾಗಿ ತೋರದ ಕಾರಣ ಪ್ರತಿ ಬೆಳೆಗೂ ಹೊಸ ಬೀಜವನ್ನೇ ಕೊಳ್ಳಬೇಕಾಗುವುದು. ಹಿಂದೆ ಮಡಕೆಯಲ್ಲಿ ಬೂದಿ ಬೆರಸಿಟ್ಟ ಮನೆಯ ಬೀಜವನ್ನು ಧಾರಾಳವಾಗಿ ಚೆಲ್ಲಿದರೆ ಆಗುತ್ತಿದ್ದ ನಷ್ಟವು ಅಲ್ಪವು; ಗ್ರಾಂ ಲೆಕ್ಕದಲ್ಲಿ ಕೊಂಡ ಬೀಜವನ್ನು ಹಾಗೆ ಚೆಲ್ಲಿದರೆ ಸಣ್ಣ ಹಿಡುವಳಿದಾರನ ಲಾಭವು ಬಿತ್ತನೆಯ ದಿನವೇ ಸೋರಿಹೋಗುವುದು.

ಒಂದು ವಿಷಯವನ್ನು ಇಲ್ಲಿಯೇ ಹೇಳತಕ್ಕದ್ದು. ಎಳೆಯದಾಗಿರುವಾಗಲೇ ಬೇರುಸಹಿತ ಕಿತ್ತು ಉಪಯೋಗಿಸುವ ಕೀರೆ, ಕೊತ್ತಂಬರಿ, ಮೆಂತ್ಯ ಮುಂತಾದ ಸೊಪ್ಪುಗಳಿಗೆ ದಟ್ಟವಾದ ಬಿತ್ತನೆಯೇ ತಕ್ಕದ್ದು. ಅವುಗಳಲ್ಲಿಯೂ ಬೀಜವು ಒಂದೆಡೆ ರಾಶಿಯಾಗಿ ಇನ್ನೊಂದೆಡೆ ಬಯಲಾಗದೆ ಸಮನಾಗಿ ಹರಡಿರಬೇಕೆಂಬುದು ಮಾತ್ರ ನಿಯಮವು.

ಅಳತೆಯನ್ನು ಗೊತ್ತುಮಾಡಿಕೊಳ್ಳುವುದು

ಸಾಧನವನ್ನು ಮಾಡುವುದಕ್ಕೆ ಮುಂಚೆ ಯಾವ ಬೆಳೆಗೆ ಯಾವ ಅಂತರವೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ತಳಿ, ನೆಲ, ಋತುಗಳನ್ನನುಸರಿಸಿ ಇದು ಸ್ವಲ್ಪ ಹೆಚ್ಚು ಕಡಿಮೆಯಾಗುವುದುಂಟು. ಸಾಮಾನ್ಯವಾಗಿ ಅನುಸರಿಸಬಹುದಾದ ಅಳತೆಗಳನ್ನು ಕೆಳಗೆ ಕೊಟ್ಟಿದೆ. ಮೊದಲನೆಯದು ಸಾಲಿನಿಂದ ಸಾಲಿಗೆ, ಎರಡನೆಯದು ಸಾಲಿನೊಳಗೆ ಗಿಡದಿಂದ ಗಿಡಕ್ಕೆ, ಮೂರನೆಯದು ಬೀಜವನ್ನು ಊರುವ ಆಳ, ಎಲ್ಲವೂ ಸೆಂಟಿಮೀಟರುಗಳಲ್ಲಿ.

ಮೂಲಂಗಿ — ೩೦, ೧೦, ಒಂದೂವರೆ
ಗಜ್ಜರಿ — ೩೦, ೮, ಒಂದು
ಬೀಟ್‌ರೂಟ್ — ೩೦, ೧೦, ಎರಡು
ಹುರುಳಿಕಾಯಿ (ಗಿಡ್ಡ ಜಾತಿ) — ೪೫, ೧೫, ಮೂರು
ಬೆಂಡೆ — ೬೦, ೩೦, ಎರಡೂವರೆ
ಈರುಳ್ಳಿ ಸಸಿಯ ನಾಟಿ — ೧೫, ೧೦
ಸಸಿಮಡಿಯಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ — ಏಳೂವರೆ, ೪, ಅರ್ಧದಿಂದ ಒಂದು

ನಮ್ಮವರು ಗೇಣು, ಮೊಳಗಳಿಂದ ಅಳೆಯುವ ವಾಡಿಕೆಯುಂಟು. ಗೇಣೆಂದರೆ ಸುಮಾರು ೯ ಅಂಗುಲ, ಅಂದರೆ ೨೩ ಸೆಂ.ಮೀ.; ಮೊಳವು ಅದರ ಎರಡರಷ್ಟು. ಇದು ಕೈಯಲ್ಲಿಯೇ ಇರುವ ಅಳತೆಯಾದುದರಿಂದ ಅನುಕೂಲವೇ ಸರಿ. ಆದರೆ ಒಂದೇ ಪಾತಿಯಲ್ಲಿ ಗಂಡಸು ಒಂದು ಸಾಲನ್ನೂ ಹೆಂಗಸು ಒಂದು ಸಾಲನ್ನೂ ಹುಡುಗನೊಬ್ಬನು ಮತ್ತೊಂದು ಸಾಲನ್ನೂ ಊರಿದರೆ ಮೂರು ಗೇಣುಗಳು ಮೂರು ವಿಧವಾಗುವುವು. ಆದಕಾರಣ ಒಂದು ಸಲ ಅಳತೆಪಟ್ಟಿಯಿಂದ ಸರಿಯಾಗಿ ಅಳೆದು, ಆ ಅಳತೆಯನ್ನು ಸಾಧನದ ಮೇಲೆ ಗುರುತುಮಾಡಿಬಿಟ್ಟರೆ ಯಾರು ಊರಿದರೂ ಒಂದೇ ಆಗುವುದು.

ಮುಂದಿನ ಲೆಕ್ಕಗಳಲ್ಲಿ ೧.೨ ಮೀಟರ್ ಅಗಲ, ೩ ಮೀಟರ್ ಉದ್ದದ ಪಾತಿಯನ್ನು ಮಾದರಿಯಾಗಿ ಇಟ್ಟುಕೊಂಡಿದೆ. ಇಷ್ಟು ಅಗಲವಿದ್ದರೆ ಎರಡು ಬದಿಗಳಿಂದಲೂ ಕೈ ಚಾಚಿ ಪಾತಿಯನ್ನು ತುಳಿಯದೆ ಕೆಲಸ ಮಾಡಬಹುದು.

೧. ಗುರುತಿನ ಹುರಿ

ಎರಡು ಗೂಟಗಳಿಗೆ ಹುರಿಯನ್ನು ಬಿಗಿದು ಸಾಲು ಹಿಡಿಯುವುದು ಎಲ್ಲರಿಗೂ ತಿಳಿದುದೇ. ಅದೇ ಹುರಿಯ ಮೇಲೆ ಗಿಡಗಳ ಸ್ಥಾನವನ್ನೂ ಗುರುತು ಮಾಡಿಕೊಂಡರೆ ಒಂದೇ ಹುರಿಯು ಎರಡು ಕೆಲಸಗಳನ್ನು ಮಾಡುವುದು. ಇಲ್ಲಿ ಎರಡು ಎಚ್ಚರಿಕೆಗಳುಂಟು. ಹುರಿಯಲ್ಲಿ ಗಂಟು ಹಾಕುತ್ತ ಹೋದರೆ ಪ್ರತಿ ಗಂಟೂ ಸ್ವಲ್ಪ ಹುರಿಯನ್ನು ನುಂಗುವುದರಿಂದ ಅಳತೆಯು ಕಿರಿದಾಗುವುದು. ಆದುದರಿಂದ ಗಂಟಿಗೆ ಬದಲು ಬಣ್ಣದ ನೂಲಿನ ಅಥವಾ ಬಟ್ಟೆಯ ಚೂರುಗಳನ್ನು ಅಳೆದು ಕಟ್ಟತಕ್ಕದ್ದು. ಎರಡನೆಯದಾಗಿ, ಹತ್ತಿ, ಸೆಣಬು, ಕತ್ತಾಳೆಗಳ ಹುರಿಗಳು ನೆನೆದಾಗ ಕುಗ್ಗುವುವು. ನೈಲಾನ್ ಹುರಿಯು ಎಳೆದಷ್ಟೂ ಹಿಗ್ಗುವುದು. ಯಾವ ಹುರಿಯಾದರೂ ಬಿತ್ತನೆಯ ದಿನ ಒಮ್ಮೆ ಬಿಗಿದು ಅಳೆದು ನೋಡತಕ್ಕದ್ದು.

ಒಂದೇ ಹುರಿಯಲ್ಲಿ ಎರಡು ಬಣ್ಣಗಳನ್ನು ಕಟ್ಟಬಹುದು. ೧೫ ಸೆಂ.ಮೀ.ಗೆ ಒಂದರಂತೆ ಬಿಳಿಯ ಗುರುತು, ಅದರ ಮೇಲೆ ಒಂದು ಬಿಟ್ಟು ಒಂದಕ್ಕೆ ಕೆಂಪು ಗುರುತು ಇದ್ದರೆ, ಬಿಳಿಯದು ಹುರುಳಿಕಾಯಿಗೂ, ಕೆಂಪಿನದು ಬೆಂಡೆಗೂ ಆಗುವುದು. ಉದ್ದ ಸಾಲುಗಳಿರುವ ಕಡೆ ಇದಕ್ಕಿಂತ ಉತ್ತಮವಾದ ಸಾಧನವಿಲ್ಲ.

೨. ಕಚ್ಚುಕೋಲು

ಚಿಕ್ಕ ಪಾತಿಗಳಿಗೆ ಹುರಿಗಿಂತ ಕೋಲು ಮೇಲು. ಅದು ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಪಾತಿಯ ಅಗಲಕ್ಕೆ ಸರಿಯಾಗಿ ೧.೨ ಮೀಟರ್ ಉದ್ದದ ನೆಟ್ಟನೆಯ ಬಿದಿರಿನ ದಬ್ಬೆಯನ್ನೋ ಮರದ ಪಟ್ಟಿಯನ್ನೋ ತೆಗೆದುಕೊಂಡು, ಒಂದು ಅಂಚಿನಲ್ಲಿ ೧೦ ಸೆಂ.ಮೀ.ಗೊಂದು, ಇನ್ನೊಂದು ಅಂಚಿನಲ್ಲಿ ೧೫ ಸೆಂ.ಮೀ.ಗೊಂದು ಕಚ್ಚುಗಳನ್ನು ಕುಡುಗೋಲಿನಿಂದ ಹಾಕತಕ್ಕದ್ದು. ಕಣ್ಣಿಗೆ ಕಾಣುವಂತೆ ಕಚ್ಚಿಗೆ ಸುಣ್ಣವನ್ನೋ ಬಣ್ಣವನ್ನೋ ತುಂಬಿದರೆ ಒಳ್ಳೆಯದು.

ಈ ಕೋಲಿನ ಇನ್ನೊಂದು ಉಪಯೋಗವೆಂದರೆ ಸಾಲನ್ನು ಒತ್ತುವುದು. ಸಸಿಮಡಿಯ ನುಣುಪಾದ ಮಣ್ಣಿನ ಮೇಲೆ ಪಟ್ಟಿಯ ಅಂಚನ್ನು ನಿಲ್ಲಿಸಿ ಮೆಲ್ಲಗೆ ಅದುಮಿದರೆ ಎಲ್ಲೆಡೆಯೂ ಒಂದೇ ಆಳದ ಗೆರೆ ಮೂಡುವುದು. ಬೆರಳಿನಿಂದ ಗೀರಿದ ಸಾಲು ಒಂದೆಡೆ ಆಳವಾಗಿ ಒಂದೆಡೆ ಮೇಲಾಗಿ, ಮೊಳಕೆಗಳು ಹಿಂದುಮುಂದಾಗಿ ಏಳುವುವು. ಒತ್ತಿದ ಸಾಲಿನಲ್ಲಿ ಆ ದೋಷವಿಲ್ಲ.

ಸಸಿಮಡಿಯ ಲೆಕ್ಕವನ್ನು ಇಲ್ಲಿ ನೋಡಬಹುದು. ಏಳೂವರೆ ಮೀಟರ್ ಉದ್ದ, ೧.೨ ಮೀಟರ್ ಅಗಲದ ಮಡಿಯಲ್ಲಿ ಏಳೂವರೆ ಸೆಂ.ಮೀ.ಗೊಂದರಂತೆ ಅಡ್ಡಸಾಲುಗಳನ್ನು ಒತ್ತಿದರೆ ೧೦೦ ಸಾಲುಗಳಾಗುವುವು. ಟೊಮೆಟೊ ಬೀಜವು ಗ್ರಾಮೊಂದಕ್ಕೆ ಸುಮಾರು ೩೦೦ ಇರುವುದು. ೧೦ ಗ್ರಾಂ ಪೊಟ್ಟಣದಲ್ಲಿ ಸುಮಾರು ೩,೦೦೦. ಸಾಲಿಗೆ ೩೦ ಬೀಜಗಳಂತೆ ಹಾಕಿದರೆ ಬೀಜಕ್ಕೂ ಬೀಜಕ್ಕೂ ೪ ಸೆಂ.ಮೀ. ಅಂತರ ಬಂದು, ಪೊಟ್ಟಣವೂ ಮಡಿಯೂ ಒಟ್ಟಿಗೆ ಮುಗಿಯುವುವು. ಪಟ್ಟಿಯ ಮೇಲಂಚಿನಲ್ಲಿ ೪ ಸೆಂ.ಮೀ.ಗೊಂದರಂತೆ ೩೦ ಗುರುತುಗಳನ್ನು ಮಾಡಿಕೊಂಡರೆ ಎಣಿಸುವ ಶ್ರಮವೂ ತಪ್ಪುವುದು. ಈಗ ಅನೇಕ ಕಡೆಗಳಲ್ಲಿ ಗುಳಿಗಳುಳ್ಳ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಗುಳಿಗೊಂದು ಬೀಜವನ್ನು ಹಾಕಿ ಸಸಿ ಬೆಳೆಸುತ್ತಾರೆ. ಅದರ ಗುಟ್ಟೂ ಇದೇ. ಪ್ರತಿ ಬೀಜಕ್ಕೂ ತನ್ನದೇ ಸ್ಥಳವನ್ನು ಮೊದಲೇ ಗೊತ್ತುಮಾಡುವುದು.

೩. ಗೆರೆಹಲುಬೆ

ಒಂದು ಮರದ ಪಟ್ಟಿಗೆ ಬೇಕಾದ ಅಂತರದಲ್ಲಿ ಹೆಬ್ಬೆರಳಿನ ದಪ್ಪದ ಗೂಟಗಳನ್ನು ಬಡಿದು, ನಡುವೆ ಉದ್ದನೆಯ ಹಿಡಿಯನ್ನು ಹಾಕಿದರೆ ಗೆರೆಹಲುಬೆಯಾಗುವುದು. ಮಾದರಿ ಪಾತಿಗೆ ೩೦ ಸೆಂ.ಮೀ. ಅಂತರದ ನಾಲ್ಕು ಹಲ್ಲುಗಳು ಸಾಕು. ಮೊದಲನೆಯ ಹಲ್ಲು ಪಾತಿಯ ಅಂಚಿನಿಂದ ೧೫ ಸೆಂ.ಮೀ. ಒಳಗೆ ಬಂದರೆ ಕೊನೆಯದೂ ಇನ್ನೊಂದು ಅಂಚಿನಿಂದ ಅಷ್ಟೇ ಒಳಗಿರುವುದು. ಒಂದು ಸಲ ಎಳೆದರೆ ನಾಲ್ಕು ಸಾಲುಗಳೂ ಮೂಡುವುವು. ಮನೆಯಲ್ಲಿ ಕಬ್ಬಿಣದ ಕೈಹಲುಬೆಯಿದ್ದರೆ, ಬೇಕಾದಷ್ಟು ಹಲ್ಲುಗಳಿಗೆ ಮಾತ್ರ ಹಳೆಯ ರಬ್ಬರ್ ಕೊಳವೆಯ ತುಂಡುಗಳನ್ನು ತೊಡಿಸಿದರೆ, ಆ ಉದ್ದವಾದ ಹಲ್ಲುಗಳಷ್ಟೇ ಗೆರೆ ಎಳೆಯುವುವು.

ಇದನ್ನು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಎಳೆದರೆ ಪಾತಿಯು ಚೌಕಗಳಾಗಿ ಒಡೆಯುವುದು. ಗೆರೆಗಳು ಕೂಡುವೆಡೆಯಲ್ಲಿ ಬೀಜವನ್ನು ಊರಬೇಕು ಅಥವಾ ಸಸಿಯನ್ನು ನೆಡಬೇಕು. ಈ ಕ್ರಮವು ನಮಗೆ ಹೊರಗಿನಿಂದ ಬಂದುದಲ್ಲ. ಹಾವೇರಿ ಪ್ರಾಂತದ ಗುಳಿ ರಾಗಿಯ ಬೇಸಾಯದಲ್ಲಿ ಹೊಲಕ್ಕೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಹಾಕಿ, ಅವು ಸೇರುವ ಗುಳಿಗಳಲ್ಲಿ ರಾಗಿಯ ಪೈರನ್ನು ನೆಡುವ ಪದ್ಧತಿಯುಂಟು. ಭತ್ತದ ಶ್ರೀ ಪದ್ಧತಿಯಲ್ಲಿ ೨೫ ಸೆಂ.ಮೀ. ಚೌಕಗಳನ್ನು ಮೂಡಿಸಲು ಬಳಸುವ ಗುರುತಿನ ಉಪಕರಣವೂ ಇದೇ ಜಾತಿಯದು. ಚೌಕದಲ್ಲಿ ನಿಂತ ಪೈರಿನ ನಡುವೆ ಎರಡು ದಿಕ್ಕಿನಲ್ಲಿಯೂ ಕಳೆ ತೆಗೆಯುವ ಕೈಕುಂಟೆಯನ್ನು ಆಡಿಸಬಹುದಾದುದರಿಂದ, ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕೀಳುವ ಶ್ರಮವು ಬಹುಮಟ್ಟಿಗೆ ತಗ್ಗುವುದು. ಈ ಶ್ರಮವು ಹೆಚ್ಚಾಗಿ ಹೆಂಗಸರ ಪಾಲಿನದೆಂಬುದನ್ನು ಮರೆಯಬಾರದು.

೪. ಮುಕ್ಕೋಲು

ಎಲೆಕೋಸು, ಹೂಕೋಸುಗಳಂತೆ ಸುತ್ತಲೂ ಸಮನಾಗಿ ಹರಡುವ ಗಿಡಗಳಿಗೆ ಚೌಕಕ್ಕಿಂತ ಮುಮ್ಮೂಲೆಯ ನಾಟಿಯು ಲಾಭಕರ. ಒಂದೇ ಉದ್ದದ, ಅಂದರೆ ೪೫ ಸೆಂ.ಮೀ.ನ, ಮೂರು ದಬ್ಬೆಗಳನ್ನು ತುದಿಗಳಲ್ಲಿ ಕಟ್ಟಿ ತ್ರಿಕೋಣವನ್ನು ಮಾಡಿಕೊಳ್ಳತಕ್ಕದ್ದು. ಮೊದಲನೆಯ ಸಾಲನ್ನು ಹುರಿಯಿಂದ ಗುರುತಿಸಿ, ತ್ರಿಕೋಣದ ಎರಡು ಮೂಲೆಗಳನ್ನು ಆ ಸಾಲಿನ ಎರಡು ಗಿಡಗಳ ಸ್ಥಾನದ ಮೇಲೆ ಇಟ್ಟರೆ, ಮೂರನೆಯ ಮೂಲೆಯು ಎರಡನೆಯ ಸಾಲಿನ ಗಿಡದ ಸ್ಥಾನವನ್ನು ತೋರಿಸುವುದು. ಹೀಗೆ ಮುಂದುವರಿಸಿದರೆ ಸಾಲುಗಳ ನಡುವೆ ೩೯ ಸೆಂ.ಮೀ. ಮಾತ್ರ ಬಂದರೂ, ಯಾವ ಗಿಡವೂ ಇನ್ನೊಂದಕ್ಕೆ ೪೫ ಸೆಂ.ಮೀ.ಗಿಂತ ಹತ್ತಿರವಾಗುವುದಿಲ್ಲ. ವಿಶಾಲವಾದ ಜಾಗದಲ್ಲಿ ಚೌಕದ ನಾಟಿಯಲ್ಲಿ ೧೦೦ ಗಿಡಗಳು ಹಿಡಿಯುವ ನೆಲದಲ್ಲಿ ಮುಮ್ಮೂಲೆಯ ನಾಟಿಯಿಂದ ಸುಮಾರು ೧೧೫ ಗಿಡಗಳು ಹಿಡಿಯುವುವು.

೫. ಗೂಟದ ಹಲಗೆ

ಅಂತರ, ಆಳ ಎರಡನ್ನೂ ಒಂದೇ ಅದುಮಿಗೆ ಸರಿಪಡಿಸುವ ಸಾಧನವಿದು. ೬೦ ಸೆಂ.ಮೀ. ಉದ್ದ, ೩೦ ಸೆಂ.ಮೀ. ಅಗಲದ ಹಲಗೆಯಲ್ಲಿ ೧೫ ಸೆಂ.ಮೀ. ಅಂತರದ ಎರಡು ಸಾಲುಗಳನ್ನು ಗುರುತಿಸಿ, ಸಾಲಿಗೆ ಆರರಂತೆ ೧೦ ಸೆಂ.ಮೀ.ಗೊಂದು ಗೂಟವನ್ನು ಕೂರಿಸಬೇಕು. ಗೂಟದ ಉದ್ದವೇ ಗುಳಿಯ ಆಳವಾಗುವುದರಿಂದ ಎಲ್ಲವೂ ಒಂದೇ ಉದ್ದವಿರತಕ್ಕದ್ದು. ಹಲಗೆಯ ಅಂಚಿಗೂ ಮೊದಲ ಗೂಟಕ್ಕೂ ಇರುವ ದೂರವು ಗೂಟಗಳ ನಡುವಿನ ದೂರದ ಅರ್ಧವಿರಬೇಕೆಂಬುದು ಮುಖ್ಯವಾದ ಅಂಶವು. ಅಂದರೆ ಉದ್ದದ ತುದಿಗಳಲ್ಲಿ ೫ ಸೆಂ.ಮೀ., ಅಗಲದ ಬದಿಗಳಲ್ಲಿ ಏಳೂವರೆ ಸೆಂ.ಮೀ. ಹೀಗಿದ್ದರೆ ಹಲಗೆಯನ್ನು ಒಂದರ ಪಕ್ಕಕ್ಕೊಂದು ಅಂಚು ತಾಗಿಸಿ ಇಡುತ್ತ ಹೋದಾಗ ಕೂಡುವೆಡೆಯಲ್ಲಿಯೂ ಅಂತರವು ಕೆಡುವುದಿಲ್ಲ. ಈ ಹಲಗೆಯಿಂದ ೨೦ ಸಲ ಅದುಮಿದರೆ ಮಾದರಿ ಪಾತಿಯಲ್ಲಿ ೨೪೦ ಈರುಳ್ಳಿ ಸಸಿಗಳಿಗೆ ಗುಳಿಗಳಾಗುವುವು.

ಬೀಜವನ್ನು ಊರುವುದಕ್ಕಾದರೆ ಗೂಟಗಳಿಗೆ ಬದಲು ನೀರಿನ ಸೀಸೆಗಳ ಪ್ಲಾಸ್ಟಿಕ್ ಮುಚ್ಚಳಗಳನ್ನು ಮೊಳೆಯಿಂದ ಹೊಡೆಯಬಹುದು. ಅವು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಸೆಂ.ಮೀ. ಎತ್ತರವಿರುವುದರಿಂದ ಮೂಲಂಗಿ, ಬೀಟ್‌ರೂಟುಗಳ ಆಳಕ್ಕೆ ಹೊಂದುವುವು. ಮಣ್ಣು ತೀರ ಒದ್ದೆಯಾಗಿದ್ದರೆ ಗೂಟಕ್ಕೆ ಮೆತ್ತಿಕೊಂಡು ಗುಳಿಯು ಒಡೆಯುವುದು. ತೀರ ಒಣಗಿದ್ದರೆ ಗುಳಿಯು ನಿಲ್ಲದೆ ಮುಚ್ಚಿಕೊಳ್ಳುವುದು. ಹಿಂದಿನ ದಿನ ನೀರು ಹಾಕಿ, ಮಣ್ಣು ಹಿಡಿಯಲ್ಲಿ ಉಂಡೆಯಾಗಿ, ತಟ್ಟಿದರೆ ಉದುರುವಂತಿರುವಾಗ ಅದುಮುವುದು ಸರಿ. ಆಗಾಗ್ಗೆ ಗೂಟಗಳನ್ನು ಒಣ ಬೂದಿಯಲ್ಲಿ ಅದ್ದಿದರೆ ಮಣ್ಣು ಅಂಟುವುದಿಲ್ಲ.

ಹಲಗೆಗೂ ಅನುಕೂಲವಿಲ್ಲದವರು ಮೂವತ್ತು ಮೊಟ್ಟೆಗಳನ್ನಿಡುವ ತಟ್ಟೆಯನ್ನು ಉಪಯೋಗಿಸಬಹುದು. ಅದರ ಗುಳಿಗಳು ಸುಮಾರು ೫ ಸೆಂ.ಮೀ. ಅಂತರದಲ್ಲಿರುವುವು. ಮೇಲೆ ಹಲಗೆಯ ತುಂಡನ್ನಿಟ್ಟು ಅದುಮಿದರೆ ಮಣ್ಣಿನಲ್ಲಿ ಗುರುತು ಮೂಡುವುದು. ಒಂದು ಬಿಟ್ಟು ಒಂದು ಗುರುತಿನಲ್ಲಿ ಊರಿದರೆ ಸುಮಾರು ೧೦ ಸೆಂ.ಮೀ. ಅಂತರವಾಗುವುದು. ಚೌಕಕಣ್ಣಿನ ತಂತಿಯ ಜಾಲರಿಯ ತುಂಡೊಂದಿದ್ದರೆ ಅದನ್ನು ಪಾತಿಯ ಮೇಲೆ ಹಾಸಿ, ಕಣ್ಣುಗಳನ್ನು ಎಣಿಸಿಕೊಂಡು ಊರುವುದೂ ಸುಲಭ.

೬. ನಿಂತು ಊರುವ ಕೊಳವೆ

ಬೆಂಡೆ, ಹುರುಳಿಕಾಯಿ, ಅವರೆ ಮೊದಲಾದ ದಪ್ಪ ಬೀಜಗಳನ್ನು ಬಗ್ಗದೆ ಊರುವುದಕ್ಕೆ ಸುಮಾರು ೯೦ ಸೆಂ.ಮೀ. ಉದ್ದದ ಬಿದಿರಿನ ಅಥವಾ ಪಿ.ವಿ.ಸಿ. ಕೊಳವೆಯು ಸಾಕು. ಬಿದಿರಾದರೆ ಒಳಗಿನ ಗಿಣ್ಣುಗಳನ್ನು ಕಾದ ಕಬ್ಬಿಣದ ಸಲಾಕೆಯಿಂದ ಚುಚ್ಚಿ ತೆಗೆಯಬೇಕು. ಕೆಳತುದಿಯನ್ನು ಓರೆಯಾಗಿ ಕತ್ತರಿಸಿದರೆ ನೆಲಕ್ಕೆ ನಾಟುವುದು. ಮೇಲ್ತುದಿಗೆ ಕತ್ತರಿಸಿದ ಪ್ಲಾಸ್ಟಿಕ್ ಸೀಸೆಯ ಕುತ್ತಿಗೆಯನ್ನು ತಲೆಕೆಳಗಾಗಿ ಸಿಕ್ಕಿಸಿದರೆ ಬೀಜ ಹಾಕುವ ಬಟ್ಟಲಾಗುವುದು. ಕೊಳವೆಯ ಬುಡದ ಬಳಿ ಅಂತರಕ್ಕೆ ಸಮನಾದ ಅಡ್ಡಕಡ್ಡಿಯೊಂದನ್ನು ಕಟ್ಟಿ, ಅದರ ತುದಿಯು ಹಿಂದಿನ ಗುಳಿಯ ಮೇಲೆ ಬರುವಂತೆ ಹೆಜ್ಜೆಹೆಜ್ಜೆಗೂ ಊರುತ್ತ ಹೋಗಬೇಕು. ಓರೆಯ ತುದಿಯಲ್ಲಿ ಹಸಿಮಣ್ಣು ಮೆತ್ತಿ ಬೀಜವು ನಿಂತುಬಿಡುವುದುಂಟಾದುದರಿಂದ ಆಗಾಗ್ಗೆ ತಟ್ಟಿ ನೋಡತಕ್ಕದ್ದು. ಇದು ಒಂದು ತಾಳಿನ ಕೂರಿಗೆಯೇ ಸರಿ. ಎತ್ತಿನ ಸ್ಥಾನದಲ್ಲಿ ಮನುಷ್ಯನಿರುವನು. ವಯಸ್ಸಾದವರೂ ಸೊಂಟನೋವಿನವರೂ ಇದರಿಂದ ಬಿತ್ತನೆಯ ಕೆಲಸದಲ್ಲಿ ಪಾಲುಗೊಳ್ಳಬಹುದು.

೭. ಸಣ್ಣ ಬೀಜಗಳಿಗೆ ಮರಳು ಮತ್ತು ರಂಗೋಲೆಯ ಕೈ

ಇದುವರೆಗೆ ಹೇಳಿದ ಸಾಧನಗಳು ಒಂದೊಂದಾಗಿ ಎತ್ತಬಹುದಾದ ಬೀಜಗಳಿಗೆ ಸಲ್ಲುವುವು. ಗಜ್ಜರಿ, ದಂಟುಗಳಂತಹ ಸಣ್ಣ ಬೀಜಗಳಲ್ಲಿ ಬೇರೊಂದು ತೊಡಕುಂಟು. ಮಾದರಿ ಪಾತಿಯ ನಾಲ್ಕು ಸಾಲುಗಳಲ್ಲಿ ೮ ಸೆಂ.ಮೀ.ಗೊಂದರಂತೆ ಗಜ್ಜರಿಗೆ ಸುಮಾರು ೧೫೦ ಸ್ಥಾನಗಳಾಗುವುವು. ಸ್ಥಾನಕ್ಕೆ ಮೂರು ಬೀಜಗಳಂತೆ ಹಿಡಿದರೂ ಬೇಕಾಗುವುದು ೪೫೦ ಬೀಜಗಳು; ಗ್ರಾಮೊಂದಕ್ಕೆ ಸುಮಾರು ೮೦೦ ಬೀಜಗಳಿರುವುದರಿಂದ ಇವು ಅರ್ಧ ಗ್ರಾಮಿಗಿಂತ ಸ್ವಲ್ಪ ಹೆಚ್ಚು ತೂಗುವುವು. ಅಂಗೈಯಲ್ಲಿ ಒಂದು ಚಿಟಿಕೆಯೂ ಕಾಣದ ಈ ಬೀಜವನ್ನು ಹನ್ನೆರಡು ಮೀಟರ್ ಉದ್ದದ ಸಾಲಿಗೆ ಹಂಚುವುದು ಬರಿಗೈಯಿಂದ ಆಗತಕ್ಕ ಕೆಲಸವಲ್ಲ. ಅಳತೆಗೆ ಸಿಗದಷ್ಟು ಅಲ್ಪವಾದುದನ್ನು ಅಳತೆಗೆ ಸಿಗುವಂತೆ ಹೆಚ್ಚಿಸಿಕೊಳ್ಳಬೇಕು.

ಇದಕ್ಕೆ ಮರಳೇ ಸಾಧನವು. ಜರಡಿಯಾಡಿದ ಒಣ ಮರಳನ್ನು ನಾಲ್ಕು ಬಟ್ಟಲಿನಷ್ಟು ತೆಗೆದುಕೊಂಡು, ಬೀಜವನ್ನು ಅದರಲ್ಲಿ ಚೆನ್ನಾಗಿ ಬೆರಸಿ, ಸಾಲಿಗೆ ಒಂದು ಬಟ್ಟಲಿನಂತೆ ಭಾಗಮಾಡಬೇಕು. ಪ್ರತಿ ಬಟ್ಟಲನ್ನೂ ಮತ್ತೆ ಎರಡು ಪಾಲುಮಾಡಿ, ಒಂದು ಪಾಲನ್ನು ಸಾಲಿನ ಈ ತುದಿಯಿಂದಲೂ ಇನ್ನೊಂದನ್ನು ಆ ತುದಿಯಿಂದಲೂ ಬಿಟ್ಟರೆ, ಮೊದಲ ಸಲ ಆದ ಹೆಚ್ಚುಕಡಿಮೆಯು ಎರಡನೆಯ ಸಲಕ್ಕೆ ಸರಿಹೋಗುವುದು. ಬಿಳಿಯ ಮರಳಾದರೆ ಎಲ್ಲಿ ಬಿದ್ದಿದೆಯೆಂಬುದೂ ಕಾಣುವುದು. ಬೀಜವು ಮರಳಿಗಿಂತ ಹಗುರವಾದುದರಿಂದ ಅಲುಗಿದ ಹಾಗೆಲ್ಲ ಮೇಲಕ್ಕೆ ಬರುವುದು. ಆದಕಾರಣ ನಡುನಡುವೆ ಕೈಯಾಡಿಸುತ್ತಿರತಕ್ಕದ್ದು.

ಮರಳನ್ನು ಬಿಡುವ ಕೈಗೆ ಹೊಸ ಶಿಕ್ಷಣವೇನೂ ಬೇಕಾಗಿಲ್ಲ. ಹೆಬ್ಬೆರಳು ತೋರುಬೆರಳುಗಳ ಸಂದಿನಿಂದ ಪುಡಿಯನ್ನು ಒಂದೇ ಸಮನೆ ಇಳಿಯಬಿಟ್ಟು ಎಳೆ ಎಳೆಯುವ ನೈಪುಣ್ಯವು ನಮ್ಮ ಹೆಣ್ಣುಮಕ್ಕಳಿಗೆ ಪ್ರತಿದಿನದ ಅಭ್ಯಾಸ. ಚುಕ್ಕಿಗಳನ್ನು ಸಮದೂರದಲ್ಲಿ ಇಡುವ ಕಣ್ಣೂ ಅವರಿಗೇ ಪಳಗಿರುವುದು. ಬಾಗಿಲ ಮುಂದೆ ರಂಗೋಲೆಯನ್ನು ಬಿಡುವ ಕೈಯೇ ಪಾತಿಯ ಸಾಲಿನಲ್ಲಿ ಮರಳುಬೀಜವನ್ನು ಬಿಟ್ಟರೆ ಯಂತ್ರಕ್ಕೆ ಸಮನಾದ ಕೆಲಸವಾಗುವುದು. ಪೇಟೆಯಲ್ಲಿ ಸಿಗುವ ತೂತುಗಳುಳ್ಳ ರಂಗೋಲೆಯ ಕೊಳವೆಯನ್ನೂ ಇದಕ್ಕೆ ಉಪಯೋಗಿಸಬಹುದು; ಬೀಜವು ಸರಾಗವಾಗಿ ಇಳಿಯದಿದ್ದರೆ ತೂತನ್ನು ಸ್ವಲ್ಪ ಹಿಗ್ಗಿಸಿಕೊಳ್ಳಬೇಕು. ಅಭ್ಯಾಸವಿಲ್ಲದವರು ಸೀಸೆಯ ಮುಚ್ಚಳಕ್ಕೆ ಬೀಜದ ದಪ್ಪದ ಎರಡರಷ್ಟು ಅಗಲದ ತೂತನ್ನು ಮಾಡಿ, ಮರಳುಬೀಜವನ್ನು ಅದರಿಂದ ಸುರಿಯಬಹುದು.

೮. ಬೀಜದ ಕಾಗದಪಟ್ಟಿ

ಬಿಡುವಿನ ವೇಳೆಯಲ್ಲಿ ಮನೆಯೊಳಗೆ ಕುಳಿತೇ ಬಿತ್ತನೆಯ ಅರ್ಧ ಕೆಲಸವನ್ನು ಮುಗಿಸಿಕೊಳ್ಳುವ ಉಪಾಯವಿದು. ಹಳೆಯ ವೃತ್ತಪತ್ರಿಕೆಯನ್ನು ಎರಡು ಸೆಂ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ, ಕಚ್ಚುಕೋಲಿನ ಪಕ್ಕದಲ್ಲಿಟ್ಟು, ಬೇಕಾದ ಅಂತರದಲ್ಲಿ ಮೈದಾಹಿಟ್ಟಿನ ಅಂಟಿನ ಚುಕ್ಕೆಗಳನ್ನಿಟ್ಟು, ಪ್ರತಿ ಚುಕ್ಕೆಯ ಮೇಲೆ ಒಂದೆರಡು ಬೀಜಗಳನ್ನು ಕೂರಿಸಬೇಕು. ಅಂಟು ಪೂರ್ಣವಾಗಿ ಆರಿರಬೇಕು, ಬಿಸಿಯಾಗಿರಬಾರದು. ಹುಳು ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತವನ್ನು ಸೇರಿಸುವ ವಾಡಿಕೆಯುಂಟು. ಅಂತಹ ಅಂಟನ್ನು ಎಂದಿಗೂ ಉಪಯೋಗಿಸಬಾರದು, ಅದು ಮೊಳಕೆಯನ್ನು ಕೊಲ್ಲುವುದು. ಪಟ್ಟಿಗಳನ್ನು ನೆರಳಿನಲ್ಲಿ ಗಾಳಿಗೆ ಬೇಗನೆ ಒಣಗಿಸಿ ಸುರುಳಿ ಸುತ್ತಿಟ್ಟು, ಕೆಲವು ದಿನಗಳೊಳಗೆ ಬಿತ್ತಿಬಿಡತಕ್ಕದ್ದು. ಸಾಲಿನಲ್ಲಿ ಹಾಸಿ, ತೆಳುವಾಗಿ ಮಣ್ಣು ಮುಚ್ಚಿ, ನೀರು ಚಿಮುಕಿಸಿದರೆ ಕಾಗದವು ಮಣ್ಣಿನಲ್ಲಿ ಕರಗಿಹೋಗುವುದು. ಕಾಗದವು ಮೇಲಕ್ಕೆ ಕಂಡರೆ ತೇವವನ್ನು ಗಾಳಿಗೆ ಎಳೆದುಬಿಡುವುದರಿಂದ ಪೂರ್ತಿಯಾಗಿ ಮುಚ್ಚುವುದು ಅವಶ್ಯ.

ಸ್ಥಾನವೊಂದಕ್ಕೆ ಎಷ್ಟು ಬೀಜ

ಸಾಧನವು ಸ್ಥಾನವನ್ನು ತೋರಿಸುವುದು. ಅಲ್ಲಿ ಎಷ್ಟು ಬೀಜ ಹಾಕಬೇಕೆಂಬುದನ್ನು ಮೊಳಕೆಯ ಪ್ರಮಾಣವು ತಿಳಿಸುವುದು. ನೂರು ಬೀಜಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿಟ್ಟು, ಮೊಳೆತವುಗಳನ್ನು ಎಣಿಸಿದರೆ ಈ ಪ್ರಮಾಣವು ತಿಳಿಯುವುದು.

ನೂರಕ್ಕೆ ೮೦ ಮೊಳೆತವೆಂದು ಇಟ್ಟುಕೊಳ್ಳೋಣ. ಸ್ಥಾನಕ್ಕೆ ಒಂದೊಂದೇ ಬೀಜ ಹಾಕಿದರೆ ನೂರು ಸ್ಥಾನಗಳಲ್ಲಿ ೨೦ ಬರಿದಾಗುವುವು. ಎರಡೆರಡು ಹಾಕಿದರೆ ೪ ಮಾತ್ರ ಬರಿದಾಗುವುವು. ಗಜ್ಜರಿಯಂತೆ ೬೦ ಮಾತ್ರ ಮೊಳೆಯುವ ಬೀಜವಾದರೆ, ಒಂದು ಹಾಕಿದಾಗ ೪೦, ಎರಡು ಹಾಕಿದಾಗ ೧೬, ಮೂರು ಹಾಕಿದಾಗ ಸುಮಾರು ೬ ಸ್ಥಾನಗಳು ಬರಿದಾಗುವುವು. ಇದರಿಂದ ಒಂದು ನಿಯಮವನ್ನು ಕಂಡುಕೊಳ್ಳಬಹುದು. ಬೀಜವು ಅಗ್ಗವಾಗಿದ್ದು ಕಿತ್ತು ನೆಡಲಾಗದ ಬೆಳೆಯಾದರೆ, ಅಂದರೆ ಮೂಲಂಗಿ, ಗಜ್ಜರಿಗಳಲ್ಲಿ, ಎರಡು ಮೂರು ಬೀಜ ಹಾಕಿ ಒಂದನ್ನು ಉಳಿಸಿಕೊಳ್ಳುವುದು ಸರಿ. ಬೀಜವು ದುಬಾರಿಯಾಗಿದ್ದು ಸಸಿಯನ್ನು ಕಿತ್ತು ನೆಡಬಹುದಾದ ಬೆಳೆಯಾದರೆ ಒಂದೊಂದೇ ಹಾಕಿ, ತೆರಪು ಬಿದ್ದ ಕಡೆಗಳಿಗಾಗಿ ಪಾತಿಯ ಮೂಲೆಯಲ್ಲಿ ಕೆಲವು ಸಸಿಗಳನ್ನು ಹೆಚ್ಚಾಗಿ ಬೆಳೆಸಿಟ್ಟುಕೊಳ್ಳುವುದು ಮೇಲು. ಹೆಚ್ಚಾದುದನ್ನು ತೆಗೆಯುವಾಗ ಕೀಳದೆ ಕತ್ತರಿಯಿಂದ ಬುಡಕ್ಕೆ ಕತ್ತರಿಸಿದರೆ ನೆರೆಯ ಗಿಡದ ಬೇರು ಅಲುಗದು.

ಎರಡು ಬೆಳೆಗಳ ವಿಷಯದಲ್ಲಿ ವಿಶೇಷವುಂಟು. ಬೀಟ್‌ರೂಟಿನ ಬೀಜವೆಂದು ನಾವು ಊರುವುದು ಸಾಮಾನ್ಯವಾಗಿ ಹಲವು ಬೀಜಗಳು ಅಂಟಿಕೊಂಡ ಗೊಂಚಲು. ಒಂದನ್ನೇ ಊರಿದರೂ ಎರಡು ಮೂರು ಮೊಳಕೆಗಳು ಬರಬಹುದಾದುದರಿಂದ ಸ್ಥಾನಕ್ಕೆ ಒಂದರ ಮೇಲೆ ಹಾಕಬಾರದು. ಕೊತ್ತಂಬರಿಯ ಕಾಳಿನಲ್ಲಿ ಎರಡು ಬೇಳೆಗಳಿರುವುದರಿಂದ ಬಿತ್ತುವುದಕ್ಕೆ ಮುಂಚೆ ಮೆಲ್ಲಗೆ ಉಜ್ಜಿ ಎರಡಾಗಿ ಒಡೆದುಕೊಳ್ಳತಕ್ಕದ್ದು.

ಮುಕ್ತಾಯ

ಇಷ್ಟೆಲ್ಲ ಸಾಧನಗಳೂ ಎಲ್ಲರಿಗೂ ಬೇಕಾಗಲಾರವು. ಮನೆಯ ಬಳಿ ಎರಡು ಮೂರು ಪಾತಿಗಳಿರುವವರಿಗೆ ಒಂದು ಕಚ್ಚುಕೋಲು, ಒಂದು ಸೀಸೆ, ನಾಲ್ಕು ಬಟ್ಟಲು ಮರಳು ಸಾಕು. ಗುಂಟೆಗಟ್ಟಲೆ ಬೆಳೆಯುವವರಿಗೆ ಗುರುತಿನ ಹುರಿಯೂ ಗೆರೆಹಲುಬೆಯೂ ಅಗತ್ಯ. ಈರುಳ್ಳಿಯನ್ನು ನೆಡುವವರಿಗೆ ಗೂಟದ ಹಲಗೆಯು ಒಂದೇ ಬೆಳೆಯಲ್ಲಿ ತನ್ನ ಶ್ರಮವನ್ನು ತೀರಿಸಿಬಿಡುವುದು. ಇವುಗಳನ್ನು ಬಿತ್ತನೆಯ ಅವಸರದಲ್ಲಿ ಮಾಡಲು ಹೊರಡದೆ, ಬಿಡುವಿನ ದಿನಗಳಲ್ಲಿ ಮಾಡಿ, ಸೂರಿನಡಿ ಮಳೆ ಗೆದ್ದಲು ತಾಗದಂತೆ ಕಟ್ಟಿಡತಕ್ಕದ್ದು. ವರ್ಷಕ್ಕೊಮ್ಮೆ ಅಳತೆಪಟ್ಟಿಯಿಂದ ಪರೀಕ್ಷಿಸಿ, ಅಳಿಸಿಹೋದ ಗುರುತುಗಳನ್ನು ಹೊಸದು ಮಾಡುವುದನ್ನು ಮರೆಯಬಾರದು.

ಮೊದಲ ಸಲ ಪ್ರಯತ್ನಿಸುವವರು ಒಂದು ಪಾತಿಯನ್ನು ಹಳೆಯ ರೀತಿಯಲ್ಲಿ ಚೆಲ್ಲಿಯೂ ಅದರ ಪಕ್ಕದ ಪಾತಿಯನ್ನು ಅಳತೆಯಿಂದ ಊರಿಯೂ ನೋಡಬಹುದು. ಎರಡಕ್ಕೂ ಹಾಕಿದ ಬೀಜವನ್ನು ತೂಗಿಟ್ಟು, ಕಳೆಗೆ ಹಿಡಿದ ಹೊತ್ತನ್ನು ಬರೆದಿಟ್ಟು, ಬಂದ ಫಸಲನ್ನು ಬೇರೆಬೇರೆಯಾಗಿ ತೂಗಿದರೆ, ಆ ಮೂರು ಲೆಕ್ಕಗಳೇ ಮುಂದಿನ ಬೆಳೆಗೆ ಯಾವ ಕ್ರಮವನ್ನು ಹಿಡಿಯಬೇಕೆಂಬುದನ್ನು ರೈತನಿಗೆ ತಿಳಿಸುವುವು.